ಸೂಜಿ ಹಾಕಬಾರದ ಉಡುಪು



ಹಳೆಯ ಬಟ್ಟೆಯನ್ನು ಮೈಗೆ ಒಪ್ಪಿಸಿಕೊಳ್ಳುವುದು ನಮಗೆ ಹೊಸದೇನಲ್ಲ. ಅಕ್ಕನ ಲಂಗ ತಂಗಿಗಾಗುತ್ತದೆ, ಅಪ್ಪನ ಪ್ಯಾಂಟು ಮಗನ ಚಡ್ಡಿಯಾಗುತ್ತದೆ. ಇಪ್ಪತ್ತು ವರ್ಷ ಹೊಲಿಗೆ ಯಂತ್ರದ ಮುಂದೆ ಕೂತ ನನಗೆ, ಯಾವ ಬಟ್ಟೆ ಕೊಟ್ಟರೂ ಸರಿಮಾಡಿಯೇನು ಎಂಬ ಜಂಬವೂ ಸ್ವಲ್ಪ ಇತ್ತು. 2024ರ ಜೂನ್‌ನಲ್ಲಿ ಆ ಜಂಬ ಇಳಿಯಿತು ಅನ್ನಿ!

ನಮ್ಮ ಮಗಳು ಆಗ ಸ್ಕಾಟ್‌ಲೆಂಡಿನ ಪಶ್ಚಿಮ ಕರಾವಳಿಯ ಓಬನ್ ಎಂಬ ಬಂದರಿನ ಊರಲ್ಲಿ ಕಡಲ ಜೀವಿಗಳ ವಿಷಯ ಓದುತ್ತಿದ್ದಳು. ಒಂದು ತಿಂಗಳು ಇದ್ದು ಬರೋಣವೆಂದು ಹೋಗಿದ್ದೆ. ಮರುದಿನ ಬೆಳಿಗ್ಗೆ ಅವಳ ಕೋಣೆಯ ಬಾಗಿಲ ಹಿಂದೆ ಕೈಕಾಲು ಇಳಿಬಿಟ್ಟ, ತಲೆಯಿಲ್ಲದ ಆಕೃತಿಯೊಂದು ನೇತಾಡುತ್ತಿತ್ತು. ಕಿರುಚಿಯೇಬಿಟ್ಟೆ.

"ಆಯಿ, ಹೆದರಬೇಡ. ಅದು ನನ್ನ ಡ್ರೈಸೂಟ್. ಹಳೆಯದು, ಅಗ್ಗಕ್ಕೆ ಸಿಕ್ಕಿತು" ಅಂತ ನಕ್ಕಳು.

ಡ್ರೈಸೂಟ್ ಎಂದರೆ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ತಣ್ಣೀರಿನ ಕಡಲಿಗೆ ಇಳಿಯುವವರ ಉಡುಪು. ನಮ್ಮ ಮುರುಡೇಶ್ವರದ ಬಳಿಯ ನೇತ್ರಾಣಿ ದ್ವೀಪದಲ್ಲಿ ಮುಳುಗುವವರಿಗೆ ಇದರ ಹಂಗಿಲ್ಲ. ನಮ್ಮ ಕಡಲು ಬೆಚ್ಚಗಿನದು, ತೆಳುವಾದ ವೆಟ್‌ಸೂಟ್ ಸಾಕು. ಅಲ್ಲಿ ಬೇಸಿಗೆಯಲ್ಲೂ ನೀರು 13-14 ಡಿಗ್ರಿ ದಾಟುವುದು ಕಷ್ಟ. ಗಾಳಿಗಿಂತ ನೀರು ಇಪ್ಪತ್ತು ಪಟ್ಟಿಗೂ ಹೆಚ್ಚು ವೇಗದಲ್ಲಿ ಮೈಯ ಬಿಸಿಯನ್ನು ಎಳೆದುಕೊಳ್ಳುತ್ತದಂತೆ. ಅದಕ್ಕೇ ನೀರು ಒಳಗೆ ಬಾರದ ಈ ಉಡುಪು, ಅದರೊಳಗೆ ಉಣ್ಣೆಯ ಬಟ್ಟೆ. ಕೊರಳಿಗೂ ಮುಂಗೈಗೂ ಬಿಗಿಯಾದ ರಬ್ಬರ್ ಪಟ್ಟಿ. ಗಾಳಿ ತುಂಬಲು ಎದೆಯ ಮೇಲೊಂದು ವಾಲ್ವ್, ಹೊರಬಿಡಲು ಎಡತೋಳಿನಲ್ಲೊಂದು.

ಹೊಸದಕ್ಕೆ ಸಾವಿರ ಪೌಂಡ್ ದಾಟುತ್ತದೆ, ನಮ್ಮ ಲೆಕ್ಕದಲ್ಲಿ ಲಕ್ಷ ರೂಪಾಯಿಗೂ ಮೇಲೆ. ಇವಳು 150 ಪೌಂಡಿಗೆ ತಂದಿದ್ದಳು. "ಎರಡೇ ಸಲ ಹಾಕಿದ್ದು" ಎಂದಿದ್ದರಂತೆ ಮಾರಿದವರು. ಮಂಡಿಯ ಸವಕಲು ನೋಡಿದರೇ ಗೊತ್ತಾಗುತ್ತಿತ್ತು, ಇದು ಎರಡು ಸಲದ್ದಲ್ಲ ಅಂತ. ಎರಡು ವಾರದಲ್ಲಿ ಅದನ್ನು ಹಾಕಿಕೊಂಡು ನೀರಿಗಿಳಿಯಬೇಕು. ಬೇಡವೇ ಬೇಡ ಅನ್ನಲು ಬಾಯಿಗೆ ಬಂದಿತ್ತು. ಅವಳ ಓದೇ ಅದು, ನುಂಗಿಕೊಂಡೆ.

ಹಾಕಿಸಿ ನೋಡಿದೆ. ಎತ್ತರದ ಗಂಡಸಿಗೆ ಮಾಡಿಸಿದ್ದು. ಕಾಲು ಒಂದು ಗೇಣು ಉದ್ದ, ಕೊರಳು ಮಾತ್ರ ಬಿಗಿ. "ಸೂಜಿ-ದಾರ ಕೊಡು ಕೂಸೇ, ಎರಡು ಮಡಿಕೆ ಹಿಡಿದು ಹೊಲಿದುಬಿಡುತ್ತೇನೆ" ಎಂದೆ. ಅವಳು ಸೂಟನ್ನು ಎದೆಗವಚಿಕೊಂಡು, "ಸೂಜಿ ಮಾತ್ರ ಹಾಕಬೇಡ ಆಯಿ! ಒಂದೊಂದು ಚುಚ್ಚೂ ಒಂದೊಂದು ತೂತು" ಎಂದಳು. ನಿಜವೇ. ಕಾರ್ಖಾನೆಯಲ್ಲಿ ಹೊಲಿದರೂ ಆ ಹೊಲಿಗೆಯ ಮೇಲೆ ನೀರು ಹೋಗದ ಪಟ್ಟಿ ಅಂಟಿಸಿರುತ್ತಾರೆ. ನನ್ನ ವಿದ್ಯೆ ಅಲ್ಲಿಗೆ ಮುಗಿಯಿತು.

ಹಾಗಾದರೆ ಉದ್ದ ಕಾಲು ಹಾಗೇ ಇರಲಿ, ಸುಕ್ಕಾದರೇನು ಎಂದೆ. ಅವಳಿಗೆ ಕಲಿಸುವ ಟೀಚರಮ್ಮ ಬಿಡಿಸಿ ಹೇಳಿದರು: ಸಡಿಲ ಇದ್ದ ಕಡೆ ಗಾಳಿ ಸೇರುತ್ತದೆ. ಗಾಳಿ ಪಾದಕ್ಕೆ ಓಡಿದರೆ ಕಾಲು ಮೇಲಾಗಿ, ತಲೆ ಕೆಳಗಾಗಿ, ಹಿಡಿತ ತಪ್ಪಿ ಮೇಲಕ್ಕೆ ಚಿಮ್ಮಬಹುದು. ಹಾಗೆ ಸರ್ರನೆ ಏರಿದರೆ ಪ್ರಾಣಕ್ಕೇ ಅಪಾಯ. ಕೇಳಿ ನನ್ನ ಕೈಕಾಲು ತಣ್ಣಗಾಯಿತು. ರಿಪೇರಿ ಅಂಗಡಿಯಲ್ಲಿ ಬೂಟು ಬಿಚ್ಚಿ, ಕಾಲು ಗಿಡ್ಡ ಮಾಡಿ, ಮತ್ತೆ ಅಂಟಿಸಿ ಕೊಟ್ಟರು. ಸೂಟಿನ ಬೆಲೆಗಿಂತ ಅದಕ್ಕೇ ಹೆಚ್ಚು ತೆತ್ತದ್ದಾಯಿತು. ನಾನು ಬಳೆಗೆಂದು ಕೂಡಿಟ್ಟ ದುಡ್ಡು, ಹೋಗಲಿ ಬಿಡಿ.

ಸೋರಿಕೆ ನೋಡುವ ಕೆಲಸ ಮಾತ್ರ ನಮ್ಮ ಸೈಕಲ್ ಪಂಕ್ಚರಿನ ಹಾಗೇ! ಮುಂಗೈಗಳಿಗೆ ಎರಡು ಬಾಟಲಿ, ಕೊರಳಿಗೆ ಒಂದು ಡಬ್ಬಿ ತುರುಕಿ, ಗಾಳಿ ತುಂಬಿಸಿ, ಮೈಗೆಲ್ಲ ಸಾಬೂನು ನೀರು ಸವರಿದೆವು. ಮಂಡಿಯ ಹತ್ತಿರ ಎರಡು ಕಡೆ ಗುಳ್ಳೆ ಎದ್ದಿತು. ಗುರುತು ಹಾಕಿ, ಒಣಗಿಸಿ, ಅದಕ್ಕೆಂದೇ ಸಿಗುವ ಅಂಟು ಹಚ್ಚಿ ಒಂದು ದಿನ ಮುಟ್ಟದೆ ಇಟ್ಟೆವು.

ಉಳಿದದ್ದು ಕೊರಳು. "ಬಿಗಿ ಇದ್ದರೆ ನೀರು ಬರೋದಿಲ್ಲ ಅಲ್ವಾ, ಇರಲಿ ಬಿಡು" ಅಂದಳು. ಹತ್ತು ನಿಮಿಷ ಹಾಕಿಕೊಂಡಿರು ಎಂದೆ. ಐದೇ ನಿಮಿಷಕ್ಕೆ ಮುಖ ಕೆಂಪಾಗಿ ತಲೆ ಸುತ್ತುತ್ತದೆ ಎಂದಳು. ಕೊರಳಿನ ರಕ್ತನಾಳ ಒತ್ತಿದರೆ ಎಚ್ಚರವೂ ತಪ್ಪಬಹುದು; ನೀರಿನಡಿಯಲ್ಲಿ ಹಾಗಾದರೆ ಗತಿಯೇನು? ಆ ಪಟ್ಟಿಯಲ್ಲಿ ಉಂಗುರದಂಥ ಗೆರೆಗಳಿರುತ್ತವೆ. ಪಟ್ಟಿಯನ್ನು ಪಾತ್ರೆಯೊಂದಕ್ಕೆ ಎಳೆದು ಹಾಕಿ, ಅವಳು ಹಿಡಿದುಕೊಂಡಳು, ನಾನು ಕತ್ತರಿ ಹಿಡಿದೆ. ಕಚ್ಚು ಬಿದ್ದರೆ ಅಲ್ಲಿಂದಲೇ ಹರಿಯುತ್ತದೆ. ರವಿಕೆಯ ಕೊರಳು ಕತ್ತರಿಸುವಂತೆ ಉಸಿರು ಬಿಗಿಹಿಡಿದು, ಕತ್ತರಿ ಎತ್ತದೆ ಒಂದು ಗೆರೆ ತೆಗೆದೆ. ಹಾಕಿ ನೋಡಿದಳು. ಇನ್ನೊಂದು ಗೆರೆ. ಆಗ ನೆಮ್ಮದಿಯಾಗಿ ಉಸಿರಾಡಿದಳು. ನನ್ನ ಕೈಗೂ ಅಲ್ಲೊಂದು ಕೆಲಸ ಸಿಕ್ಕಿತಲ್ಲ!

ಮೊದಲು ಈಜುಕೊಳದಲ್ಲಿ ಟೀಚರಮ್ಮನ ಜೊತೆ, ಆಮೇಲೆ ಕಡಲಿಗೆ. ಅವಳು ಮುಳುಗಿದ ಅರ್ಧ ಗಂಟೆ ದಂಡೆಯ ಮೇಲೆ ನಾನು ಹರಕೆ ಹೊರದ ದೇವರಿಲ್ಲ. ಮೇಲೆ ಬಂದು ಸೂಟ್ ಬಿಚ್ಚಿದಾಗ ನಾನು ಮೊದಲು ಮುಟ್ಟಿ ನೋಡಿದ್ದು ನಾನೇ ಹೆಣೆದ ಉಣ್ಣೆ ಕಾಲುಚೀಲ. ಒಣಗಿದ್ದವು! ಎಡಗೈ ತೋಳು ಮಾತ್ರ ಚೂರು ಒದ್ದೆ. ಮುಷ್ಟಿ ಬಿಗಿ ಹಿಡಿದಾಗ ಮುಂಗೈ ನರದ ಪಕ್ಕದಲ್ಲಿ ನೀರು ನುಸುಳುತ್ತದಂತೆ.

ಕಿವಿಮಾತು: ನಿಮ್ಮ ಮಕ್ಕಳೂ ದೂರದೇಶದಲ್ಲಿ ಇಂಥದ್ದನ್ನು ಕೊಳ್ಳುವುದಾದರೆ ಬಣ್ಣ ನೋಡಿ ಮರುಳಾಗದಿರಲಿ. ಜಿಪ್ಪನ್ನು ಮೊದಲು ನೋಡಲಿ. ಅದು ಕೆಟ್ಟರೆ ದೊಡ್ಡ ಖರ್ಚು. ರಬ್ಬರ್ ಅಂಟಂಟಾಗಿದ್ದರೆ, ಬಿರುಕು ಬಿಟ್ಟಿದ್ದರೆ ಹೊಸದು ಹಾಕಿಸುವ ಹಣ ಬೆಲೆಯಲ್ಲಿ ಕಳೆಯಲಿ. ಉಣ್ಣೆ ಬಟ್ಟೆ ಹಾಕಿಕೊಂಡೇ ತೊಟ್ಟು, ಕುಕ್ಕರಗಾಲಲ್ಲಿ ಕೂತು, ಕೈ ಮೇಲೆತ್ತಿ ನೋಡಲಿ. ಬಳಸಿದ ಮೇಲೆ ಸಿಹಿನೀರಲ್ಲಿ ತೊಳೆದು ನೆರಳಲ್ಲಿ ಒಣಗಿಸಿ, ರಬ್ಬರಿಗೆ ಪರಿಮಳವಿಲ್ಲದ ಪೌಡರ್ ಹಚ್ಚಲಿ. ಎಣ್ಣೆ ಸೋಕಬಾರದು.

ಉಳಿತಾಯ ಒಳ್ಳೆಯದೇ. ಆದರೆ ಉಸಿರಿನ ವಿಷಯದಲ್ಲಿ ಚೌಕಾಸಿ ಬೇಡ.