ಸಾಹಿತ್ಯದಿಂದ ಏನಾಯಿತು ಎನ್ನುವವರಿಗೆ

‘ಸಾಹಿತ್ಯ ಓದಿ ಯಾವ ಸಮಾಜ ಬದಲಾಗಿದೆ, ತೋರಿಸಿ’ ಎಂಬ ಸವಾಲು ಸಾಹಿತ್ಯದ ಗೋಷ್ಠಿಗಳಲ್ಲೇ ಹೆಚ್ಚು ಕೇಳಿಬರುತ್ತದೆ. ಸವಾಲು ಹಾಕುವವರಲ್ಲಿ ಸಾಹಿತಿಗಳೂ ಕಡಿಮೆಯಿಲ್ಲ ಎಂಬುದು ಬೇರೆ ಮಾತು.

ಅವರ ಮೊದಲ ವಾದ: ಬದಲಾವಣೆ ತರುವುದು ಕಾನೂನು ಮತ್ತು ಹೋರಾಟ, ಕವಿತೆಯಲ್ಲ. ಕಾನೂನು ಬೇಕು, ಹೋರಾಟವೂ ಬೇಕು, ಒಪ್ಪೋಣ. ಆದರೆ ಹೋರಾಟಕ್ಕೆ ಇಳಿದವರು ಯಾರು? 1973ರಲ್ಲಿ ಸಚಿವ ಬಿ. ಬಸವಲಿಂಗಪ್ಪನವರು ಮೈಸೂರಿನಲ್ಲಿ ಕನ್ನಡ ಸಾಹಿತ್ಯದಲ್ಲಿ ಬೂಸಾ ಇದೆ ಎಂದರು. ಗಲಭೆ ಎದ್ದಿತು, ದಲಿತ ವಿದ್ಯಾರ್ಥಿಗಳು ಏಟು ತಿಂದರು, ಸಚಿವರು ರಾಜೀನಾಮೆ ಕೊಡಬೇಕಾಯಿತು. ಆ ಕಾವಿನಲ್ಲೇ ದಲಿತ ಸಂಘರ್ಷ ಸಮಿತಿ ರೂಪುಗೊಂಡಿತು. ಅದನ್ನು ಕಟ್ಟಿದ ಬಿ. ಕೃಷ್ಣಪ್ಪ ಭದ್ರಾವತಿಯ ಕಾಲೇಜಿನಲ್ಲಿ ಕನ್ನಡ ಮೇಷ್ಟ್ರು. ಜೊತೆಗಿದ್ದ ದೇವನೂರ ಮಹಾದೇವ ಕಥೆಗಾರ, ಸಿದ್ಧಲಿಂಗಯ್ಯ ಕವಿ. ಸಾಹಿತ್ಯವನ್ನು ಬದಿಗಿಟ್ಟು ಈ ಹೋರಾಟದ ಚರಿತ್ರೆ ಬರೆಯಲು ಹೊರಟವರು ಮೊದಲ ಪುಟದಲ್ಲೇ ನಿಂತುಬಿಡುತ್ತಾರೆ.

ಓದುವವರೇ ಇಲ್ಲ, ಸಾವಿರ ಪ್ರತಿ ಖರ್ಚಾಗದ ಪುಸ್ತಕ ಏನು ಮಾಡೀತು ಎಂಬುದು ಎರಡನೆಯ ಮಾತು. ಪ್ರತಿ ಎಣಿಸುವುದು ಪ್ರಕಾಶಕರ ಕಷ್ಟ. ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ 1975ರಲ್ಲಿ ಪುಸ್ತಕವಾಗಿ ಬಂತು, ನಿಜ. ಅದರ ಹಾಡುಗಳು ಹಬ್ಬಿದ್ದು ಮಾತ್ರ ಮೆರವಣಿಗೆಗಳಲ್ಲಿ, ಕೇರಿಯ ಸಭೆಗಳಲ್ಲಿ, ತಮಟೆಯ ಜೊತೆ. ಅಕ್ಷರ ಬಾರದವರೂ ಅವನ್ನು ಬಾಯಿಪಾಠ ಹಾಡಿದರು.

ಓದಿದವರೇ ಬದಲಾಗಿಲ್ಲವಲ್ಲ ಎಂಬ ಮೂರನೆಯ ಆಕ್ಷೇಪದಲ್ಲಿ ಸತ್ಯವಿದೆ. ವೇದಿಕೆ ಮೇಲೆ ಕುವೆಂಪು ಗೀತೆ ಹಾಡಿ, ಮನೆಗೆ ಬಂದು ಮಗಳಿಗೆ ಸ್ವಜಾತಿಯ ಗಂಡನ್ನೇ ಹುಡುಕುವವರು ಬೇಕಾದಷ್ಟಿದ್ದಾರೆ. ಆದರೆ ಅದೇ ಕುವೆಂಪು ‘ಮಂತ್ರ ಮಾಂಗಲ್ಯ’ ಎಂಬ ಸರಳ ಮದುವೆಯ ಪುಟ್ಟ ಪುಸ್ತಿಕೆಯನ್ನೂ ಕೊಟ್ಟರು. 1966ರಲ್ಲಿ ಮಗ ತೇಜಸ್ವಿಯ ಮದುವೆ ಅದೇ ರೀತಿಯಲ್ಲಿ ನಡೆಯಿತು. ಪುರೋಹಿತರಿಲ್ಲ, ಮುಹೂರ್ತವಿಲ್ಲ, ವರದಕ್ಷಿಣೆಯ ಮಾತಿಲ್ಲ. ಹಿರಿಯರೊಬ್ಬರು ಎದ್ದು ನಿಂತು ಓದಿಸುತ್ತಾರೆ, ಗಂಡು ಹೆಣ್ಣು ಜೊತೆಯಲ್ಲಿ ಪ್ರತಿಜ್ಞೆ ಹೇಳುತ್ತಾರೆ, ಹಾರ ಬದಲಾಯಿಸುತ್ತಾರೆ. ಅಲ್ಲಿಗೆ ಮದುವೆ ಮುಗಿಯಿತು. ಮುಂದೆ ರೈತ ಸಂಘದವರು ಇಂಥ ಸರಳ ಮದುವೆಗಳನ್ನು ಹಳ್ಳಿಗಳಿಗೆ ಒಯ್ದರು. ಚಪ್ಪರ, ಓಲಗ, ಊಟ ಎಂದು ಸಾಲದ ಪತ್ರಕ್ಕೆ ಹೆಬ್ಬೆಟ್ಟು ಒತ್ತಬೇಕಿದ್ದ ಅಪ್ಪನಿಗೆ ಆ ಕೆಲವು ಪುಟಗಳು ಏನು ಮಾಡಿದವು ಎಂದು ನಾನು ವಿವರಿಸಬೇಕಿಲ್ಲ. ಎಲ್ಲರೂ ಹಾಗೆ ಮದುವೆಯಾಗಲಿಲ್ಲ, ಇಂದಿಗೂ ಅಂಥವರು ಕಡಿಮೆಯೇ. ಆದರೆ ಆದವರಿಗೆ ದಾರಿ ತೋರಿಸಿದ್ದು ಒಬ್ಬ ಕವಿಯ ಬರಹ.

ಸಾಹಿತ್ಯ ದ್ವೇಷವನ್ನೂ ಹರಡಬಲ್ಲದಲ್ಲ ಎಂಬುದು ಕೊನೆಯ ತಕರಾರು. ಹೌದು, ಹರಡಬಲ್ಲದು. ಶಕ್ತಿಯೇ ಇಲ್ಲ ಎಂದು ಶುರುವಾದ ವಾದ ಶಕ್ತಿ ಅತಿಯಾಯಿತು ಎಂಬಲ್ಲಿಗೆ ಬಂದು ನಿಂತಿತು! ಎರಡರಲ್ಲಿ ಯಾವುದು ತಮ್ಮ ನಿಲುವು ಎಂದು ಗೆಳೆಯರು ಮೊದಲು ತೀರ್ಮಾನಿಸಿಕೊಳ್ಳಲಿ.

ಅಷ್ಟರಲ್ಲಿ ಮನೆಯಲ್ಲೊಂದು ಮದುವೆ ಕೂಡಿಬಂದರೆ, ಛತ್ರ ಗೊತ್ತುಮಾಡುವ ಮೊದಲು ‘ಮಂತ್ರ ಮಾಂಗಲ್ಯ’ದ ಒಂದು ಪ್ರತಿ ತರಿಸಿಕೊಂಡು ಎರಡೂ ಕಡೆಯವರಿಗೆ ಓದಲು ಕೊಡಿ.