ನಲ್ಲಿ ಪೈಪು, ಮರದ ಹಲಗೆ... ಶೆಲ್ಫು ನೀವೇ ಕಟ್ಟಿ!

ಮನೆಯಲ್ಲಿ ಯಾರ್ಯಾರ ಸಾಮಾನಿಗೆ ಎಲ್ಲೆಲ್ಲಿ ಜಾಗ ಇದೆ ಅಂತ ಒಮ್ಮೆ ಲೆಕ್ಕ ಹಾಕಿ ನೋಡಿ. ಯಜಮಾನರ ಫೈಲುಗಳಿಗೆ ಬೀರು, ಮಕ್ಕಳ ಪುಸ್ತಕಕ್ಕೆ ಸ್ಟಡಿ ಟೇಬಲ್ಲು, ಅತ್ತೆಯವರ ಸ್ತೋತ್ರದ ಪುಸ್ತಕಗಳಿಗೆ ದೇವರ ಮನೆಯ ಗೂಡು. ನಿಮ್ಮದು? ಮದುವೆಗೆ ಮುಂಚೆ ಕೊಂಡ ಕಾದಂಬರಿಗಳು ಅಟ್ಟದ ಮೇಲೆ ರಟ್ಟಿನ ಡಬ್ಬದಲ್ಲಿ, ಹೊಲಿಗೆ ಸಾಮಾನು ಮಂಚದ ಕೆಳಗೆ. ಒಂದು ಶೆಲ್ಫ್ ಹಾಕಿಸೋಣ ಅಂದರೆ ‘ಮುಂದಿನ ತಿಂಗಳು ನೋಡೋಣ’ ಅನ್ನೋ ಉತ್ತರ ಸಿದ್ಧವಾಗಿರುತ್ತೆ. ಕಾರ್ಪೆಂಟರೂ ಅಷ್ಟೇ, ಒಂದು ಶೆಲ್ಫಿಗಾಗಿ ಬರೋದಿಲ್ಲ. ‘ಇಡೀ ವಾರ್ಡ್‌ರೋಬ್ ಮಾಡಿಸಿಬಿಡಿ ಮೇಡಂ’ ಅಂತಾನೆ.

ಹಾಗಿದ್ದ ಮೇಲೆ ನೀವೇ ಯಾಕೆ ಮಾಡಬಾರದು? ನಗಬೇಡಿ. ಚಪಾತಿ ಹಿಟ್ಟಿನ ಹದ, ಒಗ್ಗರಣೆಯ ಕಾವು ಕಣ್ಣಳತೆಯಲ್ಲೇ ಹೇಳುವವರಿಗೆ ಇಂಚುಪಟ್ಟಿ ಹಿಡಿದು ಅಳೆಯುವುದು ದೊಡ್ಡ ಮಾತೇನಲ್ಲ. ಅದರಲ್ಲೂ ಪೈಪ್ ಶೆಲ್ಫಿಗೆ ಬಡಗಿಯ ಕೈಚಳಕ ಬೇಡವೇ ಬೇಡ. ಗರಗಸದ ಕೆಲಸ ಟಿಂಬರ್ ಡಿಪೋದವರು ಮಾಡಿಕೊಡುತ್ತಾರೆ, ಪೈಪು ಕತ್ತರಿಸಿ ಥ್ರೆಡ್ ಹಾಕುವುದನ್ನು ಹಾರ್ಡ್‌ವೇರ್ ಅಂಗಡಿಯವರು. ನಿಮಗೆ ಉಳಿಯುವುದು ಉಜ್ಜುವುದು, ತಿರುಗಿಸುವುದು, ಗೋಡೆಗೆ ಕೂರಿಸುವುದು.

ಕಾಫಿ ಶಾಪುಗಳಲ್ಲಿ ನೋಡಿರುತ್ತೀರಿ: ಕಪ್ಪು ಬಣ್ಣದ ಪೈಪು, ಮೇಲೆ ಒರಟು ಹಲಗೆ. ಇದಕ್ಕೆ ‘ಇಂಡಸ್ಟ್ರಿಯಲ್ ಸ್ಟೈಲ್’ ಅಂತ ಹೆಸರು. 1960-70ರ ದಶಕಗಳಲ್ಲಿ ನ್ಯೂಯಾರ್ಕಿನ ಸೋಹೋ ಪ್ರದೇಶದಲ್ಲಿ ಖಾಲಿ ಬಿದ್ದಿದ್ದ ಕಾರ್ಖಾನೆ, ಗೋದಾಮುಗಳಿಗೆ ಕಲಾವಿದರು ಬಂದು ಸೇರಿಕೊಂಡರು. ಬಾಡಿಗೆ ಕಡಿಮೆ, ಜಾಗ ಜಾಸ್ತಿ. ಗೋಡೆಯ ಇಟ್ಟಿಗೆ, ತಲೆಯ ಮೇಲಿನ ಪೈಪು ಹೇಗಿದ್ದವೋ ಹಾಗೇ ಬಿಟ್ಟರು. ಕೈಯಲ್ಲಿ ಕಾಸಿಲ್ಲದವರ ಅನುಕೂಲ ಆಮೇಲೆ ಶ್ರೀಮಂತರ ಫ್ಯಾಷನ್ ಆಯಿತು! ಈಗ ಷೋರೂಮಿನಲ್ಲಿ ಇಂಥದಕ್ಕೆ ಕೇಳುವ ಬೆಲೆ ನೋಡಿದರೆ ಆ ಕಲಾವಿದರೇ ಹೌಹಾರಿಯಾರು.

ಒಂದು ಸರಳ ವಿನ್ಯಾಸ ಹೇಳುತ್ತೇನೆ. ಮೂರು ಅಡಿ ಉದ್ದದ ಎರಡು ಹಲಗೆ, ಅವನ್ನು ಹೊರಲು ಎರಡು ಪೈಪಿನ ಚೌಕಟ್ಟು. ಒಂದೊಂದು ಚೌಕಟ್ಟೂ ಇಂಗ್ಲಿಷಿನ ‘ಸಿ’ ಅಕ್ಷರವನ್ನು ತಿರುಗಿಸಿಟ್ಟ ಹಾಗೆ: ಗೋಡೆಯಿಂದ ಮುಂದಕ್ಕೆ ಚಾಚಿದ ಎರಡು ತೋಳು, ಅವೆರಡನ್ನೂ ಮುಂದೆ ಸೇರಿಸುವ ಒಂದು ನಿಲುವು ಪೈಪು. ಅರ್ಧ ಇಂಚಿನ ಪೈಪು ಸಾಕು. ಅರ್ಧ ಇಂಚು ಅನ್ನುವುದು ಹೆಸರಿಗೆ ಮಾತ್ರ, ಹೊರಗಿನ ದಪ್ಪ 21 ಮಿ.ಮೀ. ಇರುತ್ತದೆ. ಅಂಗಡಿಯಲ್ಲಿ ಅಳತೆ ಹಿಡಿದು ಜಗಳ ಆಡಬೇಡಿ. 8 ಇಂಚಿನ ನಾಲ್ಕು ತುಂಡು, 12 ಇಂಚಿನ ಎರಡು ತುಂಡು, ಎಲ್ಲಕ್ಕೂ ಎರಡೂ ತುದಿಗೆ ಥ್ರೆಡ್. ಒಟ್ಟು ಐದಡಿಯೂ ಆಗುವುದಿಲ್ಲ. ಜತೆಗೆ ನಾಲ್ಕು ಎಲ್ಬೋ, ಗೋಡೆಗೆ ಕೂರಲು ನಾಲ್ಕು ಫ್ಲಾಂಜ್. ದುಡ್ಡು ಹೋಗುವುದು ಪೈಪಿಗಲ್ಲ, ಈ ಎಲ್ಬೋ-ಫ್ಲಾಂಜ್‌ಗಳಿಗೆ. ಎರಡು-ಮೂರು ಅಂಗಡಿ ವಿಚಾರಿಸಿ. ಬೆಂಗಳೂರಿನವರಾದರೆ ಎಸ್.ಪಿ. ರೋಡಿನ ಕಡೆ ಒಂದು ಸುತ್ತು ಹೋಗಿ ಬನ್ನಿ.

ಪೈಪಿನ ಮೇಲೆ ಬಣ್ಣದ ಪಟ್ಟಿ ನೋಡಿ ಕೊಳ್ಳಿ. ಹಳದಿ ಪಟ್ಟಿ ತೆಳು, ನೀಲಿ ಮಧ್ಯಮ, ಕೆಂಪು ದಪ್ಪ. ನಮಗೆ ನೀಲಿ ಬೇಕು. ತೆಳು ಪೈಪಿಗೆ ಥ್ರೆಡ್ ಕೊರೆದರೆ ಉಳಿಯುವ ಲೋಹವೇ ಕಡಿಮೆ. ಕಪ್ಪು ಪೈಪು ಚೆಂದ ಕಂಡರೂ ಕರಾವಳಿ, ಮಲೆನಾಡಿನ ಮನೆಗಳಲ್ಲಿ ಬೇಗ ತುಕ್ಕು ಹಿಡಿಯುತ್ತೆ. ಅಲ್ಲಿನವರಿಗೆ ಜಿ.ಐ. ಪೈಪೇ ವಾಸಿ. ಜಿ.ಐ. ಮೇಲೆ ಸಾದಾ ಪೇಂಟು ನಿಲ್ಲುವುದಿಲ್ಲ, ಸಿಪ್ಪೆ ಸಿಪ್ಪೆಯಾಗಿ ಏಳುತ್ತದೆ. ಜಿ.ಐ.ಗೆಂದೇ ಇರುವ ಪ್ರೈಮರ್ ಕೇಳಿ ತನ್ನಿ. ಕಪ್ಪು ಪೈಪನ್ನಾದರೆ ಮೊದಲು ಎಣ್ಣೆ ಜಿಡ್ಡು ಹೋಗುವಂತೆ ಸೋಪಿನ ನೀರಲ್ಲಿ ಉಜ್ಜಿ, ಒರೆಸಿ, ಕೂಡಲೇ ಒಣಗಿಸಿ. ಇಲ್ಲದಿದ್ದರೆ ಪುಸ್ತಕಕ್ಕೆಲ್ಲ ಮಸಿ.

ಹಲಗೆಗೆ ತೇಗವೇ ಬೇಕೆಂದಿಲ್ಲ. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ನೆರಳಿಗೆಂದು ಬೆಳೆಸುವ ಸಿಲ್ವರ್ ಓಕ್ ಅಗ್ಗ, ಹಗುರ, ಮರದ ಎಳೆಗಳೂ ಚೆಂದ. ಹಲಸು ಸಿಕ್ಕಿದರಂತೂ ಬಿಡಬೇಡಿ. ಒಂದು ಇಂಚು ದಪ್ಪ, ಏಳು ಇಂಚು ಅಗಲ ಇರಲಿ. ನೆಲದ ಮೇಲಿಟ್ಟು ಸೊಟ್ಟಗಿದೆಯಾ, ಸಣ್ಣ ಸಣ್ಣ ತೂತುಗಳಿವೆಯಾ ನೋಡಿ. ತೂತಿದ್ದರೆ ಹುಳ ಇನ್ನೂ ಒಳಗೇ ಇರಬಹುದು. ಮರ ಹಸಿಯಾಗಿದ್ದರೂ ಬೇಡ.

ಸ್ಯಾಂಡ್ ಪೇಪರ್ (ಬಡಗಿಗಳು ಉಪ್ಪು ಕಾಗದ ಅಂತಾರಲ್ಲ, ಅದೇ) 80, 120, 220 ನಂಬರಿನವು ತನ್ನಿ. ಇದೇ ಕ್ರಮದಲ್ಲಿ, ಮರದ ಎಳೆ ಹೋದ ದಿಕ್ಕಿನಲ್ಲೇ ಉಜ್ಜಿ. ಅಡ್ಡ ಉಜ್ಜಿದರೆ ಗೀರು ಉಳಿದು ಪಾಲಿಶ್ ಮೇಲೆ ಎದ್ದು ಕಾಣುತ್ತದೆ. ಮೇಲೆ ಸವರಲು ಅಗಸೆ ಎಣ್ಣೆ, ಅಂದರೆ ಅಂಗಡಿಯಲ್ಲಿ ಬಾಯ್ಲ್ಡ್ ಲಿನ್‌ಸೀಡ್ ಆಯಿಲ್ ಎಂದು ಸಿಗುವುದು ಒಳ್ಳೆಯದು. ಮನೆಯಲ್ಲಿದೆ ಅಂತ ಕೊಬ್ಬರಿ ಎಣ್ಣೆ ಬಳಿಯಬೇಡಿ. ಅದು ಒಣಗುವುದೇ ಇಲ್ಲ, ಧೂಳೆಲ್ಲ ಅಂಟಿಕೊಳ್ಳುತ್ತೆ. ಇಲ್ಲೊಂದು ಮುಖ್ಯ ಎಚ್ಚರಿಕೆ: ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಲೇಬೇಡಿ. ಆ ಎಣ್ಣೆ ಒಣಗುವಾಗ ಬಿಸಿ ಹುಟ್ಟುತ್ತದೆ. ಮುದ್ದೆಯೊಳಗೆ ಆ ಬಿಸಿ ಕೂಡಿಕೊಂಡು, ಯಾರೂ ಕಡ್ಡಿ ಗೀರದೆಯೇ ಬೆಂಕಿ ಹತ್ತಬಹುದು. ಬಟ್ಟೆಯನ್ನು ಹೊರಗೆ ಬಿಡಿಸಿ ಹರಡಿ ಒಣಗಿಸಿ, ಇಲ್ಲವೇ ನೀರಲ್ಲಿ ನೆನೆಸಿಡಿ.

ಇನ್ನು ಜೋಡಣೆ. ತೋಳು ಎಲ್ಬೋಗೆ, ಎಲ್ಬೋ ನಿಲುವು ಪೈಪಿಗೆ, ಕೊನೆಯಲ್ಲಿ ಫ್ಲಾಂಜ್. ನೀರು ಹರಿಯುವುದಿಲ್ಲವಲ್ಲ, ಟೆಫ್ಲಾನ್ ಟೇಪು ಬೇಡ. ಎರಡೂ ತೋಳು ಒಂದೇ ಉದ್ದ ಬರಬೇಕು, ಇಲ್ಲದಿದ್ದರೆ ಒಂದು ಫ್ಲಾಂಜ್ ಗೋಡೆಗೆ ತಾಗಿ ಇನ್ನೊಂದು ಗಾಳಿಯಲ್ಲಿರುತ್ತದೆ. ಒಂದು ಸುತ್ತಿಗೆ ಪೈಪು ಸುಮಾರು 2 ಮಿ.ಮೀ. ಒಳಗೆ ಹೋಗುತ್ತದೆ, ಅರ್ಧ-ಮುಕ್ಕಾಲು ಸುತ್ತು ಹೆಚ್ಚುಕಡಿಮೆ ಮಾಡಿ ಸರಿದೂಗಿಸಿ.

ಈಗ ಗೋಡೆ. ಬಹಳ ಜನ ಇಲ್ಲೇ ಉದಾಸೀನ ಮಾಡುವುದು. ಒಂದು ಅಡಿ ಉದ್ದ ಪುಸ್ತಕ ಜೋಡಿಸಿದರೆ 8-9 ಕಿಲೋ ತೂಗುತ್ತದೆ. ಮೂರಡಿಯ ಎರಡು ಹಲಗೆ ತುಂಬಿದರೆ ಸುಮಾರು 50 ಕಿಲೋ. ಅಂದರೆ 25 ಕಿಲೋ ಅಕ್ಕಿಯ ಎರಡು ಚೀಲವನ್ನು ಗೋಡೆಗೆ ನೇತು ಹಾಕಿದ ಹಾಗೆ! ಅದರ ಕೆಳಗೆ ಮಗು ಆಡುತ್ತಾ ಕೂತಿರುತ್ತೆ. ಹಾಗಾಗಿ ‘ಎರಡು ಸ್ಕ್ರೂ ಸಾಕು ಬಿಡಿ’ ಅನ್ನುವವರ ಮಾತು ಕೇಳಬೇಡಿ. ನಾಲ್ಕು ಫ್ಲಾಂಜಿಗೂ ನಾಲ್ಕು ನಾಲ್ಕು ಸ್ಕ್ರೂ, ಒಟ್ಟು 16. ಫ್ಲಾಂಜಿನ ಎರಡು ತೂತು ಮೇಲೆ, ಎರಡು ಕೆಳಗೆ ಬರುವಂತಿರಲಿ. ಭಾರ ಎಳೆಯುವುದು ಮೇಲಿನ ಸ್ಕ್ರೂಗಳನ್ನು.

ಗೋಡೆ ಯಾವುದು ಅಂತ ಮೊದಲು ತಿಳಿದುಕೊಳ್ಳಿ. ತೂತು ಕೊರೆಯುವಾಗ ಗಾರೆ ದಾಟಿದ ಮೇಲೆ ಕೆಂಪು ಪುಡಿ ಬಂದರೆ ಇಟ್ಟಿಗೆ, ಬೂದು ಪುಡಿ ಬಂದರೆ ಸಿಮೆಂಟ್ ಬ್ಲಾಕ್. ಎರಡೂ ಸರಿ. ಡ್ರಿಲ್ ಇದ್ದಕ್ಕಿದ್ದಂತೆ ಒಳಗೆ ಜಾರಿದರೆ ಅದು ಟೊಳ್ಳು ಬ್ಲಾಕು. ಬೆಣ್ಣೆಯಲ್ಲಿ ಇಳಿದಂತೆ ಇಳಿದು ಬಿಳಿ ಪುಡಿ ಬಂದರೆ ಈಗಿನ ಅಪಾರ್ಟ್‌ಮೆಂಟುಗಳ ಹಗುರ ಎಎಸಿ ಬ್ಲಾಕು. ಈ ಎರಡಕ್ಕೂ ಬೇರೆಯದೇ ಪ್ಲಗ್ ಬೇಕು, ಅಂಗಡಿಯಲ್ಲಿ ಗೋಡೆಯ ಹೆಸರು ಹೇಳಿ ಕೇಳಿ. ಜಿಪ್ಸಂ ಬೋರ್ಡಿನ ಪಾರ್ಟಿಷನ್ ಆದರೆ ಪುಸ್ತಕದ ಆಸೆ ಬಿಟ್ಟುಬಿಡಿ. ಸ್ವಿಚ್ ಬೋರ್ಡಿನ ನೇರ ಮೇಲೆ ಅಥವಾ ಕೆಳಗೆ ಕೊರೆಯಬೇಡಿ, ವೈರು ಅಲ್ಲೇ ಓಡಿರುತ್ತದೆ. ಬಚ್ಚಲುಮನೆಗೆ ಹೊಂದಿದ ಗೋಡೆಯೂ ಬೇಡ, ಒಳಗೆ ನೀರಿನ ಪೈಪಿರಬಹುದು.

ಸಾದಾ ಗೋಡೆಗೆ 8 ಮಿ.ಮೀ. ಬಿಟ್, ಅದೇ ಅಳತೆಯ ಪ್ಲಗ್, ಎರಡೂವರೆ ಇಂಚಿನ ಸ್ಕ್ರೂ. ಪ್ಲಗ್ ಗಾರೆಯಲ್ಲೇ ನಿಂತರೆ ಪ್ರಯೋಜನವಿಲ್ಲ, ಒಳಗಿನ ಇಟ್ಟಿಗೆಗೆ ಇಳಿಯಬೇಕು. ಫ್ಲಾಂಜಿನ ತೂತು ಸ್ಕ್ರೂ ತಲೆಗಿಂತ ದೊಡ್ಡದಿದ್ದರೆ ವಾಷರ್ ಹಾಕಿ. ಡ್ರಿಲ್ಲಿಂಗ್ ಮಷಿನ್ನನ್ನು ಕೆಲವು ಅಂಗಡಿಗಳು ದಿನಬಾಡಿಗೆಗೆ ಕೊಡುತ್ತವೆ. ಹಿಡಿಯುವ ಮುಂಚೆ ಸೆರಗು, ದುಪಟ್ಟಾ ಬೇಡವೇ ಬೇಡ. ಬಳೆ ತೆಗೆದಿಡಿ, ಸರ ಒಳಗೆ ಸೇರಿಸಿ, ಜಡೆ ಮೇಲಕ್ಕೆ ಕಟ್ಟಿ. ಕೈಗವಸೂ ಹಾಕಬೇಡಿ, ತಿರುಗುವ ಬಿಟ್ಟಿಗೆ ಸಿಕ್ಕಿಕೊಂಡೀತು. ಕಣ್ಣಿಗೆ ಕನ್ನಡಕ, ಮೂಗಿಗೆ ಮಾಸ್ಕ್ ಇರಲಿ.

ಮೊದಲ ಚೌಕಟ್ಟು ಕೂರಿಸಿ. ಎರಡನೆಯದು ಅದರಿಂದ ಎರಡು ಅಡಿ ದೂರಕ್ಕೆ. ಹಲಗೆ ಎರಡೂ ಕಡೆ ಅರ್ಧರ್ಧ ಅಡಿ ಹೊರಗೆ ಚಾಚಲಿ. ಮಟ್ಟ ನೋಡಲು ರಸಮಟ್ಟ ಇಲ್ಲವೇ? ಗಾರೆಯವರು ಮಾಡುವ ಹಾಗೆ ಪಾರದರ್ಶಕ ಟ್ಯೂಬಿನಲ್ಲಿ ನೀರು ತುಂಬಿ ಎರಡೂ ತುದಿ ಗೋಡೆಗೆ ಹಿಡಿಯಿರಿ, ನೀರೇ ಹೇಳುತ್ತದೆ. ಹಲಗೆಯನ್ನು ಸುಮ್ಮನೆ ಇಟ್ಟು ಬಿಡಬೇಡಿ, ಕೆಳಗಿನಿಂದ ಪೈಪ್ ಕ್ಲಾಂಪ್ ಹಾಕಿ ಬಿಗಿಯಿರಿ. ಹಲಗೆಗೆ ಹಾಕುವ ಸ್ಕ್ರೂ ಮುಕ್ಕಾಲು ಇಂಚು ಮೀರಬಾರದು, ಮೀರಿದರೆ ಮೇಲೆ ಮೂತಿ ಚಾಚುತ್ತೆ.

ಅಡುಗೆ ಮನೆಗೆ ಇದನ್ನು ನಾನು ಶಿಫಾರಸು ಮಾಡೋದಿಲ್ಲ. ಪತ್ರಿಕೆಯ ಫೋಟೋದಲ್ಲಿ ಚೆಂದ ಕಾಣುತ್ತೆ, ನಿಜ. ದಿನಾ ಒಗ್ಗರಣೆ ಹಾಕುವ ನಮ್ಮ ಮನೆಗಳಲ್ಲಿ ಎಲ್ಬೋ ಸಂದಿಯ ಜಿಡ್ಡು ತಿಕ್ಕುವವರು ಯಾರು?

ಬಾಡಿಗೆ ಮನೆಯವರು ಓನರ್‌ಗೆ ಮೊದಲೇ ಒಂದು ಮಾತು ಹೇಳಿ. ಅಡ್ವಾನ್ಸಿನಲ್ಲಿ ಕಡಿದುಕೊಂಡ ಮೇಲೆ ಕೊರಗಿ ಫಲವಿಲ್ಲ. ಖಾಲಿ ಮಾಡುವಾಗ 16 ತೂತಿಗೂ ವಾಲ್ ಪುಟ್ಟಿ ತುಂಬಿ, ಒಣಗಿದ ಮೇಲೆ ಉಜ್ಜಿ, ಬಣ್ಣ ಹಚ್ಚಿದರೆ ಗುರುತೇ ಇರದು. ಶೆಲ್ಫನ್ನು ಬಿಚ್ಚಿ ಒಂದು ಗೋಣಿಚೀಲಕ್ಕೆ ಹಾಕಿಕೊಂಡರೆ ಹೊಸ ಮನೆಗೂ ಬರುತ್ತದೆ. ಕೂರಿಸಿದ ಒಂದು ವಾರಕ್ಕೆ ಎಲ್ಲ ಸ್ಕ್ರೂಗಳನ್ನೂ ಮತ್ತೊಮ್ಮೆ ಬಿಗಿ ಮಾಡಿ. ಅಲ್ಲಿಯವರೆಗೆ ಮೇಲಿನ ಹಲಗೆಗೆ ತೆಳುವಾದ ಪುಸ್ತಕಗಳನ್ನಷ್ಟೇ ಇಡಿ, ದಪ್ಪ ಕಾದಂಬರಿಗಳು ಒಂದು ವಾರ ಕಾಯಲಿ.