ಎಳೆಯುವುದಷ್ಟೇ ಜಾಣ್ಮೆಯಲ್ಲ

ಕಾರಮಡೈಯವರಾದ ನಮಗೆ ಭವಾನಿ ಹೊಳೆ ದೂರವಲ್ಲ. ಮೇಟ್ಟುಪಾಳಯಂಗೆ ಹೋದರೆ ಸಾಕು. ಕಾವೇರಿಯನ್ನು ಸೇರುವ ಇಂಥ ಹೊಳೆಗಳ ರಾಜನೆಂದರೆ ಮಹಶೀರ್ ಮೀನು. 1946ರಲ್ಲಿ ಮೈಸೂರಿನ ಡಿವೆಟ್ ವ್ಯಾನ್ ಇಂಗೆನ್ ಅವರು ಕಬಿನಿಯಲ್ಲಿ ಗಾಳ ಹಾಕಿ 120 ಪೌಂಡಿನ, ಅಂದರೆ ಸುಮಾರು 54 ಕಿಲೋ ತೂಕದ ಮಹಶೀರ್ ಹಿಡಿದರು. ಇಂಥ ಮೀನನ್ನು ಬರೀ ತೋಳ್ಬಲದಿಂದ ಎಳೆದರೆ ದಾರ ತುಂಡಾಗುತ್ತದೆ. ಅದು ಓಡುವಾಗ ದಾರ ಬಿಡಬೇಕು, ದಣಿದಾಗ ಸುತ್ತಬೇಕು. ನಡುಗಡಲಲ್ಲಿ ಟ್ಯೂನಾ ಮೀನಿಗೆ ಗಾಳ ಹಾಕುವವರು ಕಲಿಯುವ ಪಾಠವೂ ಇದೇ.

ತಾಳ್ಮೆಯಿಲ್ಲದವನು ಹೊಳೆಗೆ ಸಿಡಿಮದ್ದು ಎಸೆಯುತ್ತಾನೆ. ತಾಯಿಮೀನು, ಮರಿ ಎಲ್ಲವೂ ಒಟ್ಟಿಗೆ ಸಾಯುತ್ತವೆ. ಕಾವೇರಿಯ ಗೂನುಬೆನ್ನಿನ ಮಹಶೀರ್ 2018ರಲ್ಲಿ ತೀವ್ರ ಅಳಿವಿನಂಚಿನ ಜೀವಿಗಳ ಪಟ್ಟಿ ಸೇರಿತು.

ಬಹಳ ಹೊತ್ತು ಸೆಣಸಿ ಹಿಡಿದ ಮೀನನ್ನು ಮರಳಿ ನೀರಿಗೆ ಬಿಟ್ಟವರೂ ಇದ್ದಾರೆ. ಹಿಡಿಯಲು ತಾಳ್ಮೆ ಬೇಕು. ಬಿಡಲು ದೊಡ್ಡ ಮನಸ್ಸು ಬೇಕು. ಮುಂದಿನ ಸಲ ಹೊಳೆದಂಡೆಯಲ್ಲಿ ನಮ್ಮ ಮಕ್ಕಳಿಗೆ ಇದನ್ನು ಹೇಳೋಣವೇ?